ದೋಣಿಯೊಳಗಿನ ನೀರು ಬಂದುದೆಲ್ಲಿಂದ?

ಶೀಳನೆರೆಯಿರುವ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಅಂಬಿಗರಹಳ್ಳಿ ಎಂಬ ಊರೊಂದಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ತ್ರಿವೇಣಿಸಂಗಮವಿರುವುದು ಈ ಊರಿನ ಬಳಿಯಲ್ಲಿಯೇ. ಊರಿನ ಹೆಸರಿನಲ್ಲಿಯೇ ಅಂಬಿಗನಿದ್ದಾನೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿನ್ನೀರು ಈ ಸೀಮೆಯಲ್ಲಿ ಹರಡಿಕೊಂಡ ಮೇಲೆ ಹರಿಯುವ ಹೊಳೆಯ ಜೊತೆಗೆ ನಿಂತ ನೀರಿನಲ್ಲಿಯೂ ಹರಿಗೋಲಿಗೆ ಕೆಲಸ ದೊರೆಯಿತು. ಮೀನುಗಾರರು ಇಂದಿಗೂ ಅದರಲ್ಲಿ ಕುಳಿತು ಬಲೆ ಬೀಸುವುದುಂಟು.

ಹರಿಗೋಲಿನ ತಳದಲ್ಲಿ ಎರಡು ಬೆರಳು ನೀರು ನಿಂತಿದೆಯೆಂದು ಭಾವಿಸೋಣ. ಕುಳಿತವರು ಅದನ್ನು ಡಬ್ಬದಿಂದ ಮೊಗೆದು ಹೊರಕ್ಕೆ ಚೆಲ್ಲುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎರಡು ಬೆರಳು ನೀರು. ಇದು ಎಲ್ಲಿಂದ ಬಂದಿತು? ಎಷ್ಟು ವೇಗವಾಗಿ ಬರುತ್ತಿದೆ? ದಡ ಸೇರುವವರೆಗೆ ಕಾಯಬಹುದೆ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿಯದಿದ್ದಲ್ಲಿ ಪ್ರಾಣಕ್ಕೇ ಅಪಾಯ. ಉತ್ತರವನ್ನು ಕಂಡುಕೊಳ್ಳುವುದಕ್ಕೆ ಬೇಕಾಗುವ ವಿಜ್ಞಾನವಾದರೋ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ ಇರುವಷ್ಟೇ.

ಹಳೆಯ ದೋಣಿ, ಹಳೆಯ ಪ್ರಶ್ನೆ

ಹರಿಗೋಲು ಬಹು ಪ್ರಾಚೀನವಾದ ನೌಕೆ. ಬ್ಯಾಬಿಲೋನಿನ ನದಿಯಲ್ಲಿ ತೇಲುತ್ತಿದ್ದ ದುಂಡನೆಯ ಚರ್ಮದ ದೋಣಿಗಳನ್ನು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ವರ್ಣಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಒಳಗೆ ಹೆಣಿಗೆಯೂ ಹೊರಗೆ ಚರ್ಮವೂ ಇರುವ ಬುಟ್ಟಿಯಾಕಾರದ ದೋಣಿಗಳಲ್ಲಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1803ರ ಮರಾಠಾ ಯುದ್ಧದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿಯು ತನ್ನ ಸೈನ್ಯವನ್ನು ತುಂಬಿದ ಹೊಳೆಗಳಾಚೆಗೆ ಸಾಗಿಸಲು ಇಂತಹ ಬುಟ್ಟಿದೋಣಿಗಳನ್ನೇ ಮಾಡಿಸಿದನು.

ಹರಿಗೋಲಿನ ರಚನೆ ಸರಳವಾದುದು. ಬಿದಿರಿನ ದಬ್ಬೆಗಳನ್ನು ಹೆಣೆದ ಬುಟ್ಟಿ ಅದರ ಅಸ್ಥಿಪಂಜರ. ಅದು ಆಕಾರವನ್ನೂ ಬಲವನ್ನೂ ಕೊಡುತ್ತದೆ. ಹೊರಗಿನ ಹೊದಿಕೆ ಅದರ ಚರ್ಮ; ಅದು ನೀರನ್ನು ತಡೆಯುತ್ತದೆ. ಹಿಂದೆ ಈ ಹೊದಿಕೆ ನಿಜವಾಗಿಯೂ ಚರ್ಮವೇ ಆಗಿದ್ದಿತು. ಈಗ ಅದರ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲದಂತಹ ನೇಯ್ದ ಹೊದಿಕೆಯನ್ನು ಹಾಕಿ, ಅದರ ಮೇಲೆ ಡಾಂಬರು ಬಳಿಯುತ್ತಾರೆ. ಬಲ ಕೊಡುವ ಭಾಗ ಬೇರೆ, ನೀರು ತಡೆಯುವ ಭಾಗ ಬೇರೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ದುರಸ್ತಿಯ ವಿಷಯ ಬಂದಾಗ ಇದರ ಪ್ರಯೋಜನ ಕಾಣುತ್ತದೆ.

ರಂಧ್ರ ಎಷ್ಟು, ನೀರು ಎಷ್ಟು?

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆಂಬ ಆರ್ಕಿಮಿಡೀಸನ ತತ್ತ್ವ ಎಲ್ಲರಿಗೂ ತಿಳಿದದ್ದೇ. ಲೆಕ್ಕದ ಸೌಕರ್ಯಕ್ಕಾಗಿ 2 ಮೀಟರ್ ವ್ಯಾಸದ, ಚಪ್ಪಟೆ ತಳದ, ನೇರವಾದ ಗೋಡೆಯ ಒಂದು ಹರಿಗೋಲನ್ನು ಕಲ್ಪಿಸಿಕೊಳ್ಳೋಣ. ಅದರ ತಳದ ವಿಸ್ತೀರ್ಣ 3.14 ಚದರ ಮೀಟರ್. ದೋಣಿಯೂ ಜನರೂ ಸೇರಿ 314 ಕಿಲೋಗ್ರಾಂ ತೂಗಿದರೆ ತಳವು ನೀರಿನ ಮಟ್ಟದಿಂದ ಸರಿಯಾಗಿ 10 ಸೆಂಟಿಮೀಟರ್ ಕೆಳಗಿರುತ್ತದೆ.

ಈಗ ತಳದಲ್ಲಿ 1 ಸೆಂಟಿಮೀಟರ್ ವ್ಯಾಸದ ಒಂದು ರಂಧ್ರ ಬಿದ್ದಿತೆನ್ನೋಣ. ರಂಧ್ರದ ಮೂಲಕ ನುಗ್ಗುವ ನೀರಿನ ವೇಗವು ಅಷ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗಕ್ಕೆ ಸಮನಾಗಿರುತ್ತದೆ. ಇದು 17ನೆಯ ಶತಮಾನದಲ್ಲಿ ಟಾರಿಚೆಲ್ಲಿ ಕಂಡುಹಿಡಿದ ನಿಯಮ. 10 ಸೆಂಟಿಮೀಟರಿಗೆ ಈ ವೇಗ ಸೆಕೆಂಡಿಗೆ 1.4 ಮೀಟರ್. ರಂಧ್ರವನ್ನು ದಾಟುವಾಗ ಧಾರೆಯು ಸಂಕೋಚಗೊಳ್ಳುವುದರಿಂದ ಲೆಕ್ಕಕ್ಕೆ ಬರುವ ನೀರಿನಲ್ಲಿ ನೂರಕ್ಕೆ ಸುಮಾರು 60 ಭಾಗ ಮಾತ್ರ ಒಳಗೆ ಬರುತ್ತದೆ. ಹೀಗೆ ನಿಮಿಷಕ್ಕೆ ಸುಮಾರು 4 ಲೀಟರ್, ಗಂಟೆಗೆ 240 ಲೀಟರ್ ನೀರು ದೋಣಿಯನ್ನು ಸೇರುತ್ತದೆ. ಕಿರುಬೆರಳು ತೂರುವಷ್ಟು ರಂಧ್ರದಿಂದ ಒಂದು ಗಂಟೆಯಲ್ಲಿ ಮೂರು ನಾಲ್ಕು ಮಂದಿಯ ತೂಕ ಒಳಗೆ ಬಂದು ಕುಳಿತಂತಾಯಿತು!

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ರಂಧ್ರದ ವ್ಯಾಸ ಎರಡರಷ್ಟಾದರೆ ಒಳಬರುವ ನೀರು ನಾಲ್ಕರಷ್ಟಾಗುತ್ತದೆ. ಆದುದರಿಂದ ಚಿಕ್ಕ ಹರಕನ್ನು ದೊಡ್ಡದಾಗುವ ಮುನ್ನ ಮುಚ್ಚುವುದೇ ಜಾಣತನ. ಹೇರಿದ ಭಾರ ಹೆಚ್ಚಿ ದೋಣಿ 10ರ ಬದಲು 20 ಸೆಂಟಿಮೀಟರ್ ಮುಳುಗಿದರೆ ಅದೇ ರಂಧ್ರ ನಿಮಿಷಕ್ಕೆ 4ರ ಬದಲು ಸುಮಾರು 5.6 ಲೀಟರ್ ನೀರನ್ನು ಬಿಡುತ್ತದೆ. ಹೆಚ್ಚು ಜನರನ್ನು ತುಂಬಿದ ದೋಣಿ ಹೆಚ್ಚು ಸೋರುವುದಕ್ಕೆ ಇದೇ ಕಾರಣ.

ಸೋರಿಕೆ ತಾನಾಗಿಯೇ ನಿಲ್ಲುವುದೆ?

ಒಳಗೆ ನೀರು ತುಂಬುತ್ತ ಬಂದಂತೆ ಹೊರಗಿನ ನೀರಿನ ಒತ್ತಡಕ್ಕೆ ಎದುರು ಒತ್ತಡ ಹುಟ್ಟಿ, ಸೋರಿಕೆ ಕ್ರಮೇಣ ನಿಂತುಹೋಗಬಹುದೆಂದು ಅನೇಕರು ಭಾವಿಸುತ್ತಾರೆ. ದಡದಲ್ಲಿ ಕದಲದಂತೆ ನೆಟ್ಟ ತೊಟ್ಟಿಯ ವಿಷಯದಲ್ಲಿ ಇದು ನಿಜ. ತೇಲುವ ದೋಣಿಯ ವಿಷಯದಲ್ಲಿ ಇದು ಅಪಾಯಕರವಾದ ಭ್ರಮೆ. ಒಳಗೆ 1 ಸೆಂಟಿಮೀಟರ್ ನೀರು ನಿಂತರೆ ನಮ್ಮ ಹರಿಗೋಲಿನ ಭಾರ 31 ಕಿಲೋಗ್ರಾಂಗಳಷ್ಟು ಹೆಚ್ಚುತ್ತದೆ; ಆ ಭಾರವನ್ನು ಹೊರಲು ದೋಣಿ ಇನ್ನೂ 1 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಒಳಗಿನ ಮಟ್ಟ ಏರಿದಷ್ಟೇ ಹೊರಗಿನ ಮಟ್ಟವೂ ದೋಣಿಯ ಗೋಡೆಯ ಮೇಲೆ ಏರುತ್ತದೆ. ಎರಡರ ನಡುವಣ ಅಂತರ ಮೊದಲಿದ್ದ 10 ಸೆಂಟಿಮೀಟರಾಗಿಯೇ ಉಳಿಯುತ್ತದೆ. ಎಂದರೆ ಸೋರಿಕೆಯ ವೇಗ ಕುಗ್ಗುವುದೇ ಇಲ್ಲ. ಗೋಡೆಗಳು ಓರೆಯಾಗಿದ್ದರೆ ಅಂತರ ಸ್ವಲ್ಪ ಬದಲಾಗಬಹುದು. ಆದರೆ ದೋಣಿಯ ಅಂಚು ನೀರನ್ನು ಮುಟ್ಟುವವರೆಗೂ ಅದು ಸೊನ್ನೆಯಾಗಲಾರದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನೇರ ಗೋಡೆಯ ಒಂದು ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಸಣ್ಣ ರಂಧ್ರ ಮಾಡಿ, ಅದು ನೆಟ್ಟಗೆ ತೇಲುವಂತೆ ಒಳಗೆ ಒಂದು ಕಲ್ಲಿಟ್ಟು, ಬಕೆಟ್ಟಿನ ನೀರಿನಲ್ಲಿ ಬಿಡಿ. ಒಳಗಿನ ಕಲ್ಲು ನೀರಿನಲ್ಲಿ ಮುಳುಗಿದ ಮೇಲೆ ಒಳಮಟ್ಟ ಹೊರಮಟ್ಟಗಳ ಅಂತರವನ್ನು ಆಗಾಗ ಅಳೆಯಿರಿ. ಡಬ್ಬಿ ಮುಳುಗುವವರೆಗೂ ಅದು ಬಹುಮಟ್ಟಿಗೆ ಒಂದೇ ಸಮನಾಗಿರುವುದು ಕಂಡುಬರುತ್ತದೆ. ನಮ್ಮ ಪೂರ್ವಿಕರು ಬಳಸುತ್ತಿದ್ದ ಗಳಿಗೆಬಟ್ಟಲು ಸಹ ಇಂತಹ ಸೋರುವ ದೋಣಿಯೇ. ತಳದಲ್ಲಿ ರಂಧ್ರವಿರುವ ತಾಮ್ರದ ಬಟ್ಟಲೊಂದು ಹಗಲು ರಾತ್ರಿ ಸೇರಿ 60 ಸಾರಿ ಮುಳುಗಬೇಕೆಂದು ಸೂರ್ಯಸಿದ್ಧಾಂತ ಹೇಳುತ್ತದೆ. 24 ನಿಮಿಷಗಳ ಒಂದು ಗಳಿಗೆಯನ್ನು ಅಳೆಯುವಷ್ಟು ನಂಬಿಕೆಗೆ ಅರ್ಹವಾಗಿ ಬಟ್ಟಲು ಮುಳುಗುತ್ತಿತ್ತು. ರಂಧ್ರವಿರುವ ದೋಣಿಯೂ ಅಷ್ಟೇ ನಂಬಿಕೆಗೆ ಅರ್ಹವಾಗಿ ಮುಳುಗುತ್ತದೆ.

ಮುಳುಗುವ ಮೊದಲೇ ಇನ್ನೊಂದು ಅಪಾಯವುಂಟು. ಒಳಗಿನ ನೀರು ಮೂಟೆಯಂತೆ ಇಟ್ಟಲ್ಲಿ ಇರುವುದಿಲ್ಲ. ಒಬ್ಬರು ಎದ್ದು ನಿಂತು ದೋಣಿ ಕೊಂಚ ವಾಲಿದರೆ ನೀರೆಲ್ಲವೂ ತಗ್ಗಾದ ಕಡೆಗೆ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಅಂಚಿನವರೆಗೆ ನೀರು ತುಂಬುವುದಕ್ಕೆ ಬಹಳ ಮುಂಚೆಯೇ ದೋಣಿ ಮಗುಚಬಹುದು. ಆದುದರಿಂದ ಒಳಗೆ ನೀರು ಕಂಡೊಡನೆ ಎಲ್ಲರೂ ಕುಳಿತಲ್ಲಿಯೇ ಕುಳಿತು, ನೀರು ಮೊಗೆಯುತ್ತ, ಹತ್ತಿರದ ದಡಕ್ಕೆ ತಿರುಗಬೇಕು.

ರೋಗನಿದಾನ

ದಡ ಸೇರಿದ ಮೇಲೆ ವೈದ್ಯನ ಕೆಲಸ ಮೊದಲಾಗುತ್ತದೆ. ಅಲ್ಲಲ್ಲಿ ಡಾಂಬರು ಬಳಿದುಬಿಡುವುದು ರೋಗವನ್ನು ತಿಳಿಯದೆ ಔಷಧ ಕೊಟ್ಟಂತೆ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದೆಡೆ ಇದ್ದು, ನೀರು ತೊಲೆಯ ಮೇಲೆ ಹರಿದು ಇನ್ನೊಂದೆಡೆ ತೊಟ್ಟಿಕ್ಕುವುದನ್ನು ನಾವು ಕಂಡಿದ್ದೇವಷ್ಟೆ. ದೋಣಿಯಲ್ಲಿಯೂ ಹಾಗೆಯೇ. ಹೊದಿಕೆಯ ಹರಕಿನಿಂದ ಬಂದ ನೀರು ದಬ್ಬೆಗಳ ಸಂದಿಯಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನೀರು ಕಾಣುವ ಸ್ಥಳ ಬೇರೆ, ನುಗ್ಗುವ ಸ್ಥಳ ಬೇರೆ.

ಮೊದಲನೆಯದಾಗಿ, ಅದು ಸೋರಿಕೆಯೇ ಹೌದೆ ಎಂದು ತಿಳಿಯಬೇಕು. ಮಳೆ, ಅಲೆಯ ಸಿಡಿತ, ಹುಟ್ಟಿನಿಂದ ತೊಟ್ಟಿಕ್ಕಿದ ಹನಿ, ಒದ್ದೆ ಬಲೆ, ಇವುಗಳಿಂದಲೂ ತಳದಲ್ಲಿ ನೀರು ನಿಲ್ಲುತ್ತದೆ. ದೋಣಿಯನ್ನು ಒರಸಿ ಒಣಗಿಸಿ, ದಡದ ಬಳಿ ನಿಶ್ಚಲವಾದ ನೀರಿನಲ್ಲಿ, ಯಾರೂ ಹತ್ತದೆ, ಒಂದು ಗಂಟೆ ತೇಲಬಿಡಿ. ನೀರು ಬಾರದಿದ್ದರೆ ಮರಳಿನ ಚೀಲಗಳನ್ನಿಟ್ಟು ಮತ್ತೆ ನೋಡಿ. ಭಾರ ಹೇರಿದಾಗ ಮಾತ್ರ ನೀರು ಬಂದರೆ, ಬರಿದಾದ ದೋಣಿಯ ನೀರಿನ ಗೆರೆಗೂ ಹೇರಿದ ದೋಣಿಯ ಗೆರೆಗೂ ನಡುವೆ ಹರಕು ಇರುವ ಸಂಭವವುಂಟು. ಇಲ್ಲವೆ ಭಾರಕ್ಕೆ ತಳ ಬಾಗಿದಾಗ ಬಾಯ್ತೆರೆಯುವ ಬಿರುಕೊಂದಿರಬಹುದು. ಬಳಿಕ ಚೀಲಗಳನ್ನು ಒಂದೊಂದೇ ಪಕ್ಕಕ್ಕೆ ಸರಿಸಿ ದೋಣಿಯನ್ನು ಸ್ವಲ್ಪ ವಾಲಿಸಬೇಕು. ಯಾವ ಪಕ್ಕ ತಗ್ಗಿದಾಗ ಸೋರಿಕೆ ಹೆಚ್ಚುವುದೋ ಆ ಪಕ್ಕದಲ್ಲಿ ಹುಡುಕಬೇಕು. ಒಳಗೆ ನಿಂತ ನೀರನ್ನು ಅಳೆದರೆ ವೇಗವೂ ತಿಳಿಯುತ್ತದೆ. ನಮ್ಮ ಹರಿಗೋಲಿನಲ್ಲಿ ಗಂಟೆಗೆ 2 ಸೆಂಟಿಮೀಟರ್ ಏರಿದರೆ 63 ಲೀಟರ್, ಎಂದರೆ ನಿಮಿಷಕ್ಕೆ ಒಂದು ಲೀಟರಿಗಿಂತ ತುಸು ಹೆಚ್ಚು.

ಎರಡನೆಯದಾಗಿ, ದೋಣಿಯನ್ನು ದಡಕ್ಕೆಳೆದು ಒಣಗಿಸಿ, ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಬೇಕು. ಹೊದಿಕೆಯಲ್ಲಿ ನೇರವಾದ ತೂತಿದ್ದರೆ ಬೆಳಕಿನ ಚುಕ್ಕೆ ಕಾಣುತ್ತದೆ. ಓರೆಯಾದ ಬಿರುಕಿನಲ್ಲಿ ಬೆಳಕು ತೂರುವುದಿಲ್ಲ, ನೀರು ತೂರುತ್ತದೆ. ಅದಕ್ಕಾಗಿ ಮೂರನೆಯ ಪರೀಕ್ಷೆ: ದೋಣಿಯನ್ನು ಕಲ್ಲುಗಳ ಮೇಲೆ ಭದ್ರವಾಗಿ ಕೂರಿಸಿ, ಹೊರಮೈಗೆ ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಒಳಗೆ ಒಂದೆರಡು ಕೊಡ ನೀರು ಹಾಕಿ. ಹೊರಗಿನ ಯಾವ ಭಾಗದಲ್ಲಿ ಪುಡಿ ಮೊದಲು ನೆನೆಯುವುದೋ ಅಲ್ಲಿ ಹರಕಿದೆ. ನೀರನ್ನು ತುಂಬ ಸುರಿಯಬಾರದು. ದೋಣಿಯನ್ನು ಹೊರಗಿನ ಒತ್ತಡ ತಾಳುವಂತೆ ಕಟ್ಟಿರುತ್ತಾರೆಯೇ ಹೊರತು, ನೀರು ತುಂಬುವ ತೊಟ್ಟಿಯಂತಲ್ಲ.

ಚಿಕಿತ್ಸೆ

ತೇಪೆಯನ್ನು ಒಳಗೆ ಹಾಕಬೇಕೆ, ಹೊರಗೆ ಹಾಕಬೇಕೆ? ಹೊರಗೆ. ಹೊರಗಿನ ತೇಪೆಯನ್ನು ನೀರಿನ ಒತ್ತಡವೇ ದೋಣಿಯ ಮೈಗೆ ಅದುಮಿ ಹಿಡಿಯುತ್ತದೆ. ಒಳಗಿನ ತೇಪೆಯನ್ನು ಅದೇ ಒತ್ತಡ ಕಿತ್ತೆಸೆಯಲು ನೋಡುತ್ತದೆ. ನಡುನೀರಿನಲ್ಲಿ ಒಳಗಿನಿಂದ ತುರುಕಿದ ಬಟ್ಟೆ ತಾತ್ಕಾಲಿಕ ಉಪಾಯ ಮಾತ್ರ.

ಹರಕಿನ ಸುತ್ತಲ ಸಡಿಲವಾದ ಡಾಂಬರನ್ನು ಕೆರೆದು ತೆಗೆದು, ಆ ಭಾಗವನ್ನು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು. ತೇವವಿದ್ದಲ್ಲಿ ಕಾದ ಡಾಂಬರು ಬಿದ್ದರೆ ನೀರು ಆವಿಯಾಗಿ ಗುಳ್ಳೆಗಳೇಳುತ್ತವೆ. ಈ ಗುಳ್ಳೆಗಳೇ ನಾಳಿನ ಸೋರಿಕೆಯ ದಾರಿಗಳು. ಹರಕಿಗಿಂತ ಎಲ್ಲ ಕಡೆಗೂ ನಾಲ್ಕು ಬೆರಳು ಹೆಚ್ಚಾಗಿರುವಂತೆ ದಪ್ಪ ಬಟ್ಟೆಯನ್ನು ಕತ್ತರಿಸಿ, ಕೆಳಗೊಂದು ಮೇಲೊಂದು ಪದರ ಡಾಂಬರು ಹಾಕಿ ಅಂಟಿಸಬೇಕು. ಕಾದ ಡಾಂಬರು ಚರ್ಮಕ್ಕೆ ತಗುಲಿದರೆ ಅಂಟಿಕೊಂಡು ಸುಡುವುದರಿಂದ ವಿದ್ಯಾರ್ಥಿಗಳು ಈ ಕೆಲಸವನ್ನು ತಾವೇ ಮಾಡತಕ್ಕದ್ದಲ್ಲ.

ಆದರೆ ಹೊದಿಕೆ ಹರಿದುದೇಕೆ? ಮುರಿದ ದಬ್ಬೆಯ ಮೊನೆ ಚುಚ್ಚಿ ಹರಿದಿದ್ದರೆ, ದಬ್ಬೆಯನ್ನು ಬದಲಿಸದೆ ಹಾಕಿದ ತೇಪೆ ಬಹುಕಾಲ ಬಾಳದು. ಅಸ್ಥಿಪಂಜರ ಬೇರೆ, ಚರ್ಮ ಬೇರೆ ಎಂದು ಮೇಲೆ ಹೇಳಿದುದರ ಅರ್ಥವಿದೇ. ಬಿಸಿಲಿಗೂ ಗಾಳಿಗೂ ಡಾಂಬರು ವರ್ಷಗಟ್ಟಲೆ ಒಡ್ಡಿಕೊಂಡು ಗಡುಸಾಗಿ ಬಿರಿದಿದ್ದರೆ ಒಂದು ತೇಪೆ ಸಾಲದು. ಇಡೀ ತಳಕ್ಕೆ ಹೊಸ ಲೇಪನವೇ ಬೇಕು.

ಹಲಗೆಯ ದೋಣಿಯ ರೋಗ ಬೇರೆ ತೆರನಾದುದು. ಬೇಸಗೆಯಲ್ಲಿ ದಡದ ಮೇಲಿದ್ದ ದೋಣಿಯ ಹಲಗೆಗಳು ಒಣಗಿ ಕುಗ್ಗುತ್ತವೆ, ಸಂದುಗಳು ಬಾಯಿಬಿಡುತ್ತವೆ. ಅದನ್ನು ನೀರಿಗಿಳಿಸಿದ ಮೊದಲ ದಿನ ಧಾರಾಳವಾಗಿ ಸೋರಿದರೂ ಮರವು ನೀರು ಹೀರಿ ಉಬ್ಬಿದಂತೆ ಸಂದುಗಳು ಮುಚ್ಚಿಕೊಳ್ಳುವುದುಂಟು. ಒಣಗಿದ ಸಂದಿಗೆ ಹತ್ತಿಯನ್ನು ಅತಿಯಾಗಿ ಗಿಡಿದರೆ, ಉಬ್ಬುವ ಹಲಗೆಗೆ ಜಾಗವಿಲ್ಲದೆ ಮೊಳೆಗಳೇ ಸಡಿಲವಾದಾವು. ಇಲ್ಲಿ ಕಾಯುವುದೂ ಚಿಕಿತ್ಸೆಯ ಒಂದು ಅಂಗ.

ಯಂತ್ರದ ದೋಣಿ

ಇದುವರೆಗೆ ಹೇಳಿದ ದೋಣಿಗಳಿಗೆ ಬೇಕೆಂದು ಮಾಡಿದ ರಂಧ್ರಗಳಿಲ್ಲ. ಜಲಾಶಯಗಳಲ್ಲಿಯೂ ಕರಾವಳಿಯಲ್ಲಿಯೂ ಕಾಣುವ ಯಂತ್ರದ ದೋಣಿಗಳಲ್ಲಾದರೋ ಅಂತಹ ರಂಧ್ರಗಳು ಹಲವು. ಅವುಗಳಲ್ಲಿ ಒಂದು ಜಾತಿಯದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1959ರಲ್ಲಿ ಸ್ವೀಡನ್ನಿನ ವೋಲ್ವೊ ಸಂಸ್ಥೆ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಒಂದು ಹೊಸ ಏರ್ಪಾಡನ್ನು ಮುಂದಿಟ್ಟಿತು. ಇದಕ್ಕೆ ಸ್ಟರ್ನ್‌ಡ್ರೈವ್ ಎಂದು ಹೆಸರು. ಇದರಲ್ಲಿ ಎಂಜಿನ್ನು ದೋಣಿಯ ಒಳಗೆ, ಹಿಂಬದಿಯ ಗೋಡೆಗೆ ಒತ್ತಿಕೊಂಡಂತೆ ಇರುತ್ತದೆ. ನೀರನ್ನು ತಳ್ಳುವ ಪಂಖವುಳ್ಳ ಕಾಲು ಹೊರಗೆ ಇರುತ್ತದೆ. ಶಕ್ತಿಯು ಗೋಡೆಯ ದೊಡ್ಡ ರಂಧ್ರದ ಮೂಲಕ ಹೊರಗಿನ ಕಾಲಿಗೆ ಸಾಗುತ್ತದೆ. ಈ ಕಾಲು ದೋಣಿಯನ್ನು ತಿರುಗಿಸಲು ಎಡಬಲಕ್ಕೆ ಹೊರಳಬೇಕು. ನೀರು ಆಳವಿಲ್ಲದಲ್ಲಿ ಮೇಲಕ್ಕೂ ಏಳಬೇಕು. ಹೀಗೆ ಅಲುಗುವ ಭಾಗದ ಸುತ್ತ ನೀರನ್ನು ತಡೆಯುವುದು ಹೇಗೆ? ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾಗಿರುವ ರಬ್ಬರಿನ ಕೊಳವೆಯೊಂದು ಈ ಕೆಲಸವನ್ನು ಮಾಡುತ್ತದೆ. ರಬ್ಬರು ಹಳೆಯದಾದಾಗ ಮಡಿಕೆಗಳ ತಗ್ಗಿನಲ್ಲಿ ಬಿರುಕು ಬಿಡುತ್ತದೆ. ಆಗ ನದಿಯೇ ದೋಣಿಯೊಳಕ್ಕೆ ಬರುತ್ತದೆ.

ನೀರು ಒಳಬರಲು ಇತರ ದಾರಿಗಳೂ ಉಂಟು. ತಳದಲ್ಲಿ ನೀರು ಬಸಿಯಲು ಇಟ್ಟ ಬಿರಡೆ ಸಡಿಲವಾಗಿರಬಹುದು. ಗೋಡೆಗೂ ಲೋಹದ ಚೌಕಟ್ಟಿಗೂ ನಡುವಿನ ಗ್ಯಾಸ್ಕೆಟ್ಟು ಸವೆದಿರಬಹುದು. ಎಂಜಿನ್ನನ್ನು ತಂಪಾಗಿಡಲು ಹೊರಗಿನಿಂದ ಸೆಳೆದ ನೀರನ್ನು ಸಾಗಿಸುವ ಕೊಳವೆ ಒಡೆದಿರಬಹುದು. ಇಷ್ಟರಲ್ಲಿ ಅಪರಾಧಿ ಯಾವುದು? ನೀರು ಯಾವಾಗ ಬರುತ್ತದೆಂಬುದನ್ನು ನೋಡಿದರೆ ಎಲ್ಲಿಂದ ಬರುತ್ತದೆಂಬುದು ತಿಳಿಯುತ್ತದೆ.

ದೋಣಿ ನೀರಿನಲ್ಲಿ ಸುಮ್ಮನೆ ತೇಲುತ್ತಿರುವಾಗ, ಎಂಜಿನ್ನು ನಿಂತಿರುವಾಗಲೂ ನೀರು ಬರುತ್ತಿದ್ದರೆ ತಿದಿ, ಬಿರಡೆ, ಗ್ಯಾಸ್ಕೆಟ್ಟು ಅಥವಾ ದೋಣಿಯ ಮೈಯನ್ನು ಮೊದಲು ಸಂಶಯಿಸಬೇಕು. ದಡದ ಮೇಲೆ ಕೊಳವೆಯಿಂದ ನೀರೊದಗಿಸಿ ಎಂಜಿನ್ನನ್ನು ನಡೆಸಿದಾಗ ಒಳಗೆ ನೀರು ಕಂಡರೆ ತಂಪುನೀರಿನ ಕೊಳವೆಗಳಲ್ಲಿ ಇಲ್ಲವೆ ಹೊಗೆಯ ಮಾರ್ಗದಲ್ಲಿ ದೋಷವಿದೆ. ಆಗ ಹೊರಗೆ ನದಿಯೇ ಇಲ್ಲವಲ್ಲ! ಈ ಎರಡು ಪರೀಕ್ಷೆಗಳಲ್ಲಿಯೂ ಒಣಗಿದ್ದು, ವೇಗವಾಗಿ ಓಡುವಾಗ ಮಾತ್ರ ನೀರು ಬಂದರೆ, ಓಟದಲ್ಲಿ ಮಾತ್ರ ನೀರಿನ ಒತ್ತಡಕ್ಕೆ ಸಿಕ್ಕುವ ಭಾಗಗಳನ್ನೂ ಕಾಲು ಹೊರಳಿದಾಗ ಬಾಯ್ತೆರೆಯುವ ಬಿರುಕುಗಳನ್ನೂ ಹುಡುಕಬೇಕು. ಸಮುದ್ರದಲ್ಲಿ ಇನ್ನೊಂದು ಸುಲಭವಾದ ಸಾಕ್ಷಿ ಉಂಟು: ಒಳಗಿನ ನೀರು ಉಪ್ಪಾಗಿಲ್ಲದಿದ್ದರೆ ಅದು ಬಹುಶಃ ಮಳೆಯ ನೀರು.

ತಿದಿಯನ್ನು ಪರೀಕ್ಷಿಸಲು ಎಂಜಿನ್ನನ್ನು ನಿಲ್ಲಿಸಿ, ಕಾಲನ್ನು ಪೂರ್ತಿ ಒಂದು ಪಕ್ಕಕ್ಕೆ ಹೊರಳಿಸಿ, ಹಿಗ್ಗಿದ ಮಡಿಕೆಗಳನ್ನು ದೀಪದ ಬೆಳಕಿನಲ್ಲಿ ಬೆರಳಿನಿಂದ ತಡವಿ ನೋಡಬೇಕು. ತಿದಿಗೆ ಅಂಟು ಹಾಕಿ ತೇಪೆ ಹಚ್ಚುವುದು ಸಲ್ಲದು. ಸದಾ ಬಾಗುವ ರಬ್ಬರಿನ ಮೇಲೆ ತೇಪೆ ನಿಲ್ಲುವುದಿಲ್ಲ. ಕಾಲನ್ನು ಬಿಚ್ಚಿ ಹೊಸ ತಿದಿಯನ್ನೇ ತೊಡಿಸಬೇಕು. ಒಳಗಿನ ಬೇರಿಂಗು ನೀರು ಕುಡಿದು ತುಕ್ಕು ಹಿಡಿದಿದ್ದರೆ, ಕಾಲು ತಿರುಗುವಾಗ ಗುರುಗುಟ್ಟುವ ಸದ್ದು ಅದನ್ನು ಸಾರುತ್ತದೆ. ಆಗ ಅದನ್ನೂ ಬದಲಿಸಬೇಕು. ತಂಪುನೀರಿಲ್ಲದೆ ಎಂಜಿನ್ನನ್ನು ದಡದ ಮೇಲೆ ಎಂದೂ ನಡೆಸಬಾರದು, ಮತ್ತು ಪೆಟ್ರೋಲಿನ ಆವಿ ಒಳಗೆ ಕಟ್ಟಿಕೊಳ್ಳದಂತೆ ಮೊದಲು ಗಾಳಿಯಾಡಲು ಬಿಡಬೇಕು.

ಒಳಗಿನ ನೀರನ್ನು ತಾನೇ ಹೊರಚೆಲ್ಲುವ ವಿದ್ಯುತ್ ಪಂಪು ಇಂತಹ ದೋಣಿಗಳಲ್ಲಿರುವುದುಂಟು. ಅದು ಒಳ್ಳೆಯ ಸೇವಕ. ಆದರೆ ರೋಗವನ್ನು ಮುಚ್ಚಿಡುವ ಸೇವಕ. ಪಂಪು ದಿನಕ್ಕೆ ಎಷ್ಟು ಸಾರಿ ನಡೆಯುತ್ತದೆಂದು ಗಮನಿಸದ ಯಜಮಾನನಿಗೆ ಬ್ಯಾಟರಿ ಬರಿದಾದ ದಿನವೇ ಸೋರಿಕೆಯ ಸುದ್ದಿ ತಿಳಿಯುತ್ತದೆ.

ಹರಿಗೋಲಿನ ಡಬ್ಬಕ್ಕೂ ಈ ಪಂಪಿಗೂ ಇರುವ ಪ್ರಯೋಜನ ಒಂದೇ: ದಡ ಸೇರುವಷ್ಟು ಕಾಲಾವಕಾಶವನ್ನು ಕೊಡುವುದು. ಆ ಅವಕಾಶದಲ್ಲಿ ದಡ ಸೇರಿ, ನೀರು ಯಾವಾಗ, ಎಷ್ಟು, ಎಲ್ಲಿಂದ ಬಂದಿತೆಂದು ವಿಚಾರಿಸಿ, ಹರಕನ್ನು ಹೊರಗಿನಿಂದ ಮುಚ್ಚಿ, ಮತ್ತೆ ಭಾರ ಹೇರಿ ಒಂದು ಗಂಟೆ ತೇಲಿಸಿ ನೋಡಿದ ಮೇಲೆಯೇ ದೋಣಿಗೆ ಜನರನ್ನು ಹತ್ತಿಸತಕ್ಕದ್ದು. ಮುಂದಿನ ಸಾರಿ ನೀವು ಹರಿಗೋಲನ್ನೇರುವಾಗ ಒಮ್ಮೆ ಅದರ ತಳವನ್ನು ನೋಡಿ. ಅಲ್ಲಿ ನೀರಿದ್ದರೆ ಅಂಬಿಗನನ್ನು ಕೇಳಿ. ತಕ್ಕ ಉತ್ತರ ದೊರೆಯದಿದ್ದರೆ ದಡದಲ್ಲಿಯೇ ಉಳಿಯಿರಿ.